ಹದಿಮೂರು ದೇಶ, ಭೂತಮ್ಮ ಓಡಿಸಿದ ಲಾರಿ

ಬೆಳಗಿನ ಆರೂ ಕಾಲು. ಪಾಳ್ಯದ ಸುತ್ತಲಿನ ಹಳ್ಳಿಗಳಿಂದ ಕಾಫಿ ಕೊಯ್ಯುವ ಹೆಂಗಸರನ್ನು ಹತ್ತಿಸಿಕೊಂಡು ಬೆಳಗೋಡಿನ ಕಡೆ ಹೊರಟ ಪಿಕಪ್ ಒಂದು ತಿರುವಿನಲ್ಲಿ ನಿಂತುಬಿಡುತ್ತದೆ. ಡ್ರೈವರ್ ಎಂಜಿನ್ ಆರಿಸುತ್ತಾರೆ, ದೀಪವನ್ನೂ ಆರಿಸುತ್ತಾರೆ. ಹಿಂದೆ ಕೂತ ಇಪ್ಪತ್ತೆರಡು ಹೆಂಗಸರ ಮಾತು ಒಮ್ಮೆಗೇ ನಿಲ್ಲುತ್ತದೆ. ಡಿಸೆಂಬರಿನ ಮಂಜಿನಲ್ಲಿ ಐವತ್ತು ಮಾರು ಮುಂದೆ ಬೇಲಿಯ ಗಿಡಗಳು ಅಲುಗಾಡುತ್ತವೆ. ಮೊದಲು ಒಂದು ದೊಡ್ಡ ಹೆಣ್ಣಾನೆ, ಅದರ ಹಿಂದೆ ಇನ್ನೆರಡು, ನಡುವೆ ಮರಿ, ಕೊನೆಗೆ ಮತ್ತೊಂದು. ಗದ್ದೆಯಿಂದ ರಸ್ತೆಗೆ ಏರಿ, ಎದುರಿನ ತೋಟಕ್ಕೆ ಇಳಿದು ಹೋಗುತ್ತವೆ.

ನಾನು ಉಸಿರು ಬಿಡುತ್ತೇನೆ. ಡ್ರೈವರ್ ಮಾತ್ರ ಕೀಲಿಗೆ ಕೈ ಹಾಕುವುದಿಲ್ಲ. “ತಡೀರಿ ಸಾ,” ಎನ್ನುತ್ತಾರೆ ಪಿಸುಮಾತಿನಲ್ಲಿ. “ಐದಾಯ್ತು. ನಿನ್ನೆ ಆರಿದ್ವು. ಸಲಗ ಇನ್ನೂ ಬಂದಿಲ್ಲ.” ಏಳು ನಿಮಿಷ ಕಾಯುತ್ತೇವೆ. ಆಮೇಲೆ ಸಲಗ ಬರುತ್ತದೆ. ರಸ್ತೆಯ ನಡುವೆ ನಿಂತು ನಮ್ಮ ಕಡೆಗೊಮ್ಮೆ ನೋಡಿ, ಯಾವ ಅವಸರವೂ ಇಲ್ಲದೆ ಹೋಗುತ್ತದೆ. ಆಗ ಎಂಜಿನ್ ಮತ್ತೆ ಗುರ್ ಎನ್ನುತ್ತದೆ, ಹಿಂದಿನ ಹೆಂಗಸರ ಮಾತು ನಿಂತ ಕಡೆಯಿಂದಲೇ ಶುರುವಾಗುತ್ತದೆ.

ಇವರು ಭೂತಮ್ಮ. ವಯಸ್ಸು ನಲವತ್ತೇಳು. ಸೀರೆಯ ಮೇಲೆ ಖಾಕಿ ಅಂಗಿ, ತಲೆಗೆ ಟವೆಲ್ಲು, ಕಾಲಿಗೆ ಕ್ಯಾನ್ವಾಸ್ ಶೂ. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಮೂರು ಟ್ರಿಪ್ ಆಳುಗಳನ್ನು ತೋಟ ಮುಟ್ಟಿಸುತ್ತಾರೆ. ಹನ್ನೊಂದು ಗಂಟೆಗೆ ಪಿಕಪ್ ಬಿಟ್ಟು ಲಾರಿ ಹತ್ತುತ್ತಾರೆ. ಒಣಗಿದ ಕಾಫಿಯ ನೂರಿಪ್ಪತ್ತು ಮೂಟೆ ಹೇರಿಕೊಂಡು ಹಾಸನದಲ್ಲಿ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಹೋಗಿ, ಇಳಿಸಿ, ಸಂಜೆ ಐದಕ್ಕೆ ವಾಪಸು ಬಂದು ಹೆಂಗಸರನ್ನು ಮನೆ ಸೇರಿಸುತ್ತಾರೆ. ದಿನಕ್ಕೆ ಸರಾಸರಿ ನೂರೈವತ್ತು ಕಿಲೋಮೀಟರ್. ತೋಟದ ರಸ್ತೆಯ ತಿರುವುಗಳನ್ನು ಅವರು ಎಣಿಸಿಟ್ಟಿದ್ದಾರೆ: ಮೂವತ್ತೊಂದು. ಹದಿಮೂರು ವರ್ಷದಿಂದ ಇದೇ ಕೆಲಸ.

ನಡುವೆ ಈ ವರ್ಷ ಮೂರು ತಿಂಗಳು ಮಾತ್ರ ರಜ. ಆ ಮೂರು ತಿಂಗಳಲ್ಲಿ ಅವರು ಬೆಳಗೋಡಿನಿಂದ ಇಟಲಿಯ ಟ್ರಿಯೆಸ್ಟ್ ಎಂಬ ಬಂದರಿನವರೆಗೆ ಲಾರಿಯೊಂದರಲ್ಲಿ ರಸ್ತೆಯಲ್ಲೇ ಹೋಗಿದ್ದಾರೆ. ನೇಪಾಳ, ಚೀನಾ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ಕಜಕಸ್ತಾನ, ರಷ್ಯಾ, ಜಾರ್ಜಿಯಾ, ಟರ್ಕಿ, ಬಲ್ಗೇರಿಯಾ, ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಇಟಲಿ. ಹದಿಮೂರು ದೇಶ, ಎಂಬತ್ತೆರಡು ದಿನ, ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಆ ಆರು ಚಕ್ರದ ಲಾರಿಯ ಸ್ಟೇರಿಂಗ್ ಹಿಡಿದದ್ದು ಇವರೇ.

ಈ ಸುದ್ದಿ ನೀವು ಓದಿರಬಹುದು. ‘ಲಾರಿಯಲ್ಲಿ ಇಟಲಿಗೆ ಹೋದ ಕಾಫಿ ಬೆಳೆಗಾರ ದಂಪತಿ’ ಎಂದು ಆಗಸ್ಟಿನಲ್ಲಿ ಅಲ್ಲಲ್ಲಿ ಬಂದಿತ್ತು. ಒಂದೆರಡು ಕಡೆ ಕೊನೆಯ ಸಾಲಿನಲ್ಲಿ ‘ಸಹಾಯಕಿಯೊಬ್ಬರು ಜೊತೆಗಿದ್ದರು’ ಎಂದೂ ಇತ್ತು. ನಾನೂ ಆ ದಂಪತಿಯನ್ನು ಮಾತನಾಡಿಸಲೆಂದೇ ಬೆಳಗೋಡಿಗೆ ಹೋದವನು. ತೋಟದ ಒಡತಿ ಗಗನಾ ನನಗೆ ಕಾಫಿ ಕೊಟ್ಟು, ನನ್ನ ಪ್ರಶ್ನೆಗಳ ಪಟ್ಟಿಯನ್ನು ತಾವೇ ತೆಗೆದುಕೊಂಡು ಓದಿ, ವಾಪಸು ಕೊಟ್ಟರು. “ನೀವು ತಪ್ಪು ಮನೆಗೆ ಬಂದಿದ್ದೀರಿ. ಇದರಲ್ಲಿ ಮುಕ್ಕಾಲು ಪ್ರಶ್ನೆಗೆ ಉತ್ತರ ಗೊತ್ತಿರೋದು ಭೂತಕ್ಕನಿಗೆ. ಆಳುಗಳ ಮನೆಸಾಲಿದೆಯಲ್ಲ, ಆ ಲೈನಿನಲ್ಲಿ ನಾಲ್ಕನೇ ಮನೆ. ಆದರೆ ಮನೆಯಲ್ಲಿ ಸಿಗೋಲ್ಲ, ಬೆಳಗ್ಗೆ ಪಿಕಪ್ಪಿನಲ್ಲಿ ಹಿಡೀಬೇಕು,” ಎಂದರು.

ಹಾಗೆ ನಾನು ಈ ಪಿಕಪ್ಪಿನ ಮುಂದಿನ ಸೀಟಿಗೆ ಬಂದೆ.

ಭೂತಮ್ಮ ಹುಟ್ಟಿದ್ದು ಪಾಳ್ಯದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಶಾಲೆ ಏಳನೆಯ ತರಗತಿವರೆಗೆ. ಹತ್ತೊಂಬತ್ತಕ್ಕೆ ಮದುವೆಯಾಗಿ ತೋಟದ ಲೈನಿಗೆ ಬಂದರು. ಗಂಡ ದ್ಯಾವಯ್ಯ ತೋಟದ ಲಾರಿ ಡ್ರೈವರ್. ಇವರು ಕೊಯ್ಲಿನ ಆಳು. ಒಂದು ಮಳೆಗಾಲ ಲಾರಿಯ ಕ್ಲೀನರ್ ಹೇಳದೆ ಕೇಳದೆ ಕೆಲಸ ಬಿಟ್ಟುಹೋದ. ತೋಟದಲ್ಲಿ ಕೆಲಸ ಕಡಿಮೆ ಇದ್ದ ದಿನಗಳು. ಗಂಡನ ಜೊತೆ ಭೂತಮ್ಮ ಹೊರಟರು. ಗೊಬ್ಬರ, ಮೆಣಸು, ಸೌದೆ, ಮೂಟೆ, ಏನು ಹೇರಿದರೂ ಪಕ್ಕದಲ್ಲಿ ಅವರೇ. ಏರಿನಲ್ಲಿ ಲಾರಿ ನಿಂತರೆ ಇಳಿದು ಚಕ್ರಕ್ಕೆ ಮರದ ದಿಮ್ಮಿ ಕೊಡುವುದು, ಇಕ್ಕಟ್ಟಿನಲ್ಲಿ ಹಿಂದೆ ನಿಂತು ದಾರಿ ತೋರಿಸುವುದು, ಟೈರು ಬಿಚ್ಚುವುದು, ಗ್ರೀಸ್ ಹೊಡೆಯುವುದು. ಹೀಗೆ ಆರು ಮಳೆಗಾಲ.

“ಭತ್ತ ಕುಯ್ದ ಮ್ಯಾಕೆ ಗದ್ದೆ ಬಯಲು ಖಾಲಿ ಇರ್ತಿತ್ತಲ್ಲ, ಅಲ್ಲಿ ಕಲಿಸ್ಕೊಟ್ರು ನಮ್ಮೋರು,” ಎನ್ನುತ್ತಾರೆ ಭೂತಮ್ಮ. “ಬಯ್ಯೋರು, ಆದ್ರೆ ಕಲಿಸೋರು. ಕ್ಲಚ್ ಮ್ಯಾಲೆ ಕಾಲಿಟ್ಟು ನಿದ್ದೆ ಮಾಡ್ಬ್ಯಾಡ ಅನ್ನೋರು.”

ಹದಿನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆ ದ್ಯಾವಯ್ಯನವರ ಕಣ್ಣನ್ನು ಹಿಡಿಯಿತು. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣು ಮಸುಕಾಯಿತು. ಕೀಲಿಯನ್ನು ತಾವೇ ತೋಟದ ಆಫೀಸಿಗೆ ಒಯ್ದುಕೊಟ್ಟು ಬಂದರು. ಮೂರನೆಯ ದಿನ ಹೆಂಡತಿಗೆ, “ನೀನು ಲೈಸೆನ್ಸ್ ಮಾಡಿಸು,” ಎಂದರು. ಮೊದಲ ಪರೀಕ್ಷೆಯಲ್ಲಿ ಭೂತಮ್ಮ ಫೇಲು. ರಿವರ್ಸ್ ತೆಗೆಯುವಾಗ ಗಾಡಿ ಕಂಬಕ್ಕೆ ಉಜ್ಜಿತು. ಎರಡು ತಿಂಗಳು ಕಾಫಿ ಒಣಗಿಸುವ ಕಣದಲ್ಲಿ ದಿನವೂ ಬಕೆಟ್ಟುಗಳನ್ನು ಸಾಲಾಗಿಟ್ಟು, ಅವುಗಳ ನಡುವೆ ಟ್ರ್ಯಾಕ್ಟರಿನ ಟ್ರೇಲರನ್ನು ಹಿಂದಕ್ಕೆ ತೆಗೆದು ಅಭ್ಯಾಸ ಮಾಡಿದರು. ಎರಡನೆಯ ಸಲ ಪಾಸಾದರು. ಮುಂದೆ ಹೆವಿ ಲೈಸೆನ್ಸೂ ಬಂತು.

ಲೈಸೆನ್ಸ್ ಬಂದರೂ ಜನ ಬರಲಿಲ್ಲ. ಹೆಂಗಸು ಓಡಿಸುವ ಲಾರಿಗೆ ಹತ್ತುವುದಿಲ್ಲ ಎಂದು ಮೂಟೆ ಹೊರುವ ನಾಲ್ವರು ಕುಳಿತುಬಿಟ್ಟರು. ಆಗ ಚೆಲುವಮ್ಮ ಎಂಬ ಕೊಯ್ಲಿನ ಆಳು, ಈಗ ಅರವತ್ತು ದಾಟಿ ಇದೇ ಪಿಕಪ್ಪಿನ ತುದಿಯಲ್ಲಿ ಕೂತಿರುವವರು, ಹೋಗಿ ಲಾರಿಯ ಮುಂದಿನ ಸೀಟಿನಲ್ಲಿ ಕೂತರು. ಅವರೇ ಹೇಳುತ್ತಾರೆ: “ನಾನು ಕೂತೆ, ಹಾಸನಕ್ಕೋಗಿ ಬಂದೆ, ಏನೂ ಆಗ್ನಿಲ್ಲ. ಮಾರ್ನೇ ದಿನ ಅವ್ರೂ ಹತ್ತಿದ್ರು. ಏನ್ ಮಾಡಾರು ಮಾರಾಯ, ಕೆಲ್ಸ ಬೇಕಲ್ಲ.”

ಇಟಲಿಯ ಯೋಚನೆ ಗಗನಾ ಅವರದ್ದು. ಅವರ ಮನೆತನದ ಕಾಫಿ ಮೂರು ತಲೆಮಾರಿನಿಂದ ವ್ಯಾಪಾರಿಗಳ ಕೈದಾಟಿ ಆ ಬಂದರಿಗೆ ಹೋಗುತ್ತಿದೆ. ಕೊಂಡು ಹುರಿಯುವವರ ಮುಖ ಇವರು ಕಂಡಿಲ್ಲ, ಬೆಳೆಯುವವರ ಮುಖ ಅವರು ಕಂಡಿಲ್ಲ. ಜುಲೈ ಇಪ್ಪತ್ತಾರಕ್ಕೆ ಅಲ್ಲಿ ಸಣ್ಣ ಬೆಳೆಗಾರರು ಮತ್ತು ಹುರಿಯುವವರ ಒಂದು ಕೂಟವಿತ್ತು. ವಿಮಾನದಲ್ಲಿ ಹೋಗಿ ಬರಬಹುದಿತ್ತು. “ಎಲ್ಲರೂ ಹಾಗೇ ಹೋಗ್ತಾರೆ. ನಾವು ನಮ್ಮ ಲಾರಿಯಲ್ಲೇ ಹೋಗಿ, ದಾರಿಯುದ್ದಕ್ಕೂ ಕಾಫಿ ಮಾಡಿಕೊಟ್ಟು, ಅಲ್ಲಿ ಲಾರಿಯ ಬಾಗಿಲು ತೆಗೆದು ನಮ್ಮ ಕಾಫಿ ಕೊಡೋಣ ಅನ್ನಿಸಿತು,” ಎನ್ನುತ್ತಾರೆ ಗಗನಾ. ಹಳೆಯ ಲಾರಿಯೊಂದರ ಮೇಲೆ ಮರದ ಕೋಣೆ ಕಟ್ಟಿಸಿದರು. ಮೂರು ಮಲಗುವ ಹಲಗೆ, ಒಂದು ಒಲೆ, ಕಾಫಿ ಹುರಿಯುವ ಸಣ್ಣ ಯಂತ್ರ. ಓಡಿಸುವವರು ಗಗನಾರ ಗಂಡ ಮಂಜುನಾಥ್. ಬದಲಿ ಡ್ರೈವರ್ ಮತ್ತು ಅಡುಗೆಗೆ ಭೂತಮ್ಮ. ಅವರಿಗೂ ಪಾಸ್‌ಪೋರ್ಟ್, ವೀಸಾ, ಹೊರದೇಶಗಳಲ್ಲಿ ಓಡಿಸುವ ಪರವಾನಗಿ ಎಲ್ಲ ಮಾಡಿಸಿದರು.

“ನೀವು ಒಪ್ಪಿಕೊಂಡಿದ್ದು ಹೇಗೆ?” ಎಂದು ಭೂತಮ್ಮನನ್ನು ಕೇಳುತ್ತೇನೆ.

“ಮೊದ್ಲು ನಮ್ಮೋರ್ನ ಕೇಳ್ದೆ. ಕಣ್ಣಿದ್ದಿದ್ರೆ ನಾನೇ ಹೋಗ್ತಿದ್ದೆ, ನೀನು ಹೋಗು ಅಂದ್ರು. ಆಮೇಕೆ ಮಗಳು ಮಾನಸಾ ಆಲೂರಿಂದ ಬಂದು, ಅಪ್ಪನ್ನ ನಾನು ನೋಡ್ಕತೀನಿ ಅಂದ್ಳು. ಇನ್ನೇನು, ಹೊಂಟೆ.” ಆಲೂರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಾನಸಾ ಅಪ್ಪನನ್ನು ಮೂರು ತಿಂಗಳು ತನ್ನ ಮನೆಯಲ್ಲಿಟ್ಟುಕೊಂಡಳು.

ಮೇ ನಾಲ್ಕಕ್ಕೆ ಹೊರಟರು. ಭಾರತದೊಳಗೆ ಭೂತಮ್ಮ ಒಂದು ಸಾವಿರ ಕಿಲೋಮೀಟರ್ ಓಡಿಸಿದರು. ಚೀನಾದಲ್ಲಿ ಓಡಿಸಲು ಒಬ್ಬರಿಗೆ ಮಾತ್ರ ಅನುಮತಿ ಪಡೆದಿದ್ದರಿಂದ ಟಿಬೆಟ್ ಉದ್ದಕ್ಕೂ ಮಂಜುನಾಥ್ ಓಡಿಸಿದರು. ಹದಿನೇಳು ಸಾವಿರ ಅಡಿ ಎತ್ತರದಲ್ಲಿ ಕುಕ್ಕರಿಲ್ಲದೆ ಅನ್ನ ಬೇಯಲಿಲ್ಲ. ಗಗನಾಗೆ ತಲೆನೋವು, ವಾಂತಿ. ಭೂತಮ್ಮ ರಾಗಿ ಗಂಜಿ ಮಾಡಿ ಕುಡಿಸುತ್ತಾ, ಅಡುಗೆಯಿಲ್ಲದ ಹೊತ್ತಿನಲ್ಲಿ ಲಾರಿಯ ಕೆಳಗೆ ನುಗ್ಗಿ ನಟ್ಟು ಬೋಲ್ಟು ಬಿಗಿ ಮಾಡುತ್ತಾ ಕಾಲ ಕಳೆದರು.

ಜೂನ್ ಹನ್ನೊಂದರ ಬೆಳಗ್ಗೆ ಎಲ್ಲ ಬದಲಾಯಿತು.

ಚೀನಾ ದಾಟಿ ಕಿರ್ಗಿಸ್ತಾನದ ಸಾರಿ ತಾಶ್ ಎಂಬ ಹಳ್ಳಿಯಲ್ಲಿ ತಂಗಿದ್ದರು. ಸುತ್ತ ಬಿಳಿ ಬೆಟ್ಟ, ಜೂನ್ ಆದರೂ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ. ಲಾರಿಯ ಮೇಲಿನ ಸೋಲಾರ್ ಹಲಗೆ ಒರೆಸಲು ಏಣಿ ಹತ್ತಿದ ಮಂಜುನಾಥ್ ಜಾರಿ ಬಲಭುಜದ ಮೇಲೆ ಬಿದ್ದರು. ತೋಳಿನ ಮೂಳೆ ಮುರಿದದ್ದು ನೋಡಿದರೇ ಗೊತ್ತಾಗುತ್ತಿತ್ತು. ಆಸ್ಪತ್ರೆ ಇರುವುದು ಓಶ್ ಪಟ್ಟಣದಲ್ಲಿ, ನೂರೆಂಬತ್ತೈದು ಕಿಲೋಮೀಟರ್ ಆಚೆ, ನಡುವೆ ಹನ್ನೆರಡು ಸಾವಿರ ಅಡಿಯ ಕಣಿವೆ ದಾರಿ. ಹಳ್ಳಿಯಲ್ಲಿ ಆ ಹೊತ್ತಿಗೆ ಸಿಗಬಹುದಾಗಿದ್ದ ಕಾರು ಒಂದೂ ಇರಲಿಲ್ಲ.

ಭೂತಮ್ಮ ದುಪಟಿ ಹರಿದು ತೋಳನ್ನು ಎದೆಗೆ ಸೇರಿಸಿ ಕಟ್ಟಿದರು. ಮಂಜುನಾಥರನ್ನು ಹಿಂದಿನ ಹಲಗೆಯ ಮೇಲೆ ಮಲಗಿಸಿ, ಅಕ್ಕಪಕ್ಕ ರಾಗಿಹಿಟ್ಟಿನ ಚೀಲ, ಕಂಬಳಿ ಒತ್ತಿ ಅಲುಗದಂತೆ ಮಾಡಿದರು. ಆಮೇಲೆ ಸ್ಟೇರಿಂಗ್ ಮುಂದೆ ಕೂತರು.

ಅಲ್ಲಿಯವರೆಗೆ ಅವರು ರಸ್ತೆಯ ಬಲಬದಿಯಲ್ಲಿ ಒಂದು ಗಜವೂ ಓಡಿಸಿದವರಲ್ಲ. ಆ ದೇಶಗಳಲ್ಲಿ ವಾಹನಗಳು ಬಲಕ್ಕೆ ಹೋಗುತ್ತವೆ. ನಮ್ಮ ಲಾರಿಯ ಸ್ಟೇರಿಂಗೂ ಬಲಕ್ಕೆ. ಅಂದರೆ ಡ್ರೈವರ್ ಕೂರುವುದು ಪ್ರಪಾತದ ಅಂಚಿಗೆ. ಮುಂದಿರುವ ಗಾಡಿಯನ್ನು ದಾಟಬೇಕೆಂದರೆ ಎದುರಿನಿಂದ ಏನು ಬರುತ್ತಿದೆ ಎಂದು ಕಾಣುವುದೇ ಇಲ್ಲ. ಎಡಗಡೆ ಕೂತವರು ನೋಡಿ ಹೇಳಬೇಕು.

“ಗಗನಮ್ಮಾರು ಅಳ್ತಾ ಇದ್ರು,” ಎನ್ನುತ್ತಾರೆ ಭೂತಮ್ಮ. “ನಾನಂದೆ, ಅಮ್ಮಾರೇ, ಅಳೋದ್ ಆಮೇಕೆ ಅಳಿ. ಈಗ ಎಡಗಡೆ ಕೂತ್ಕಂಡು ಎದ್ರಿಗೆ ಗಾಡಿ ಬತ್ತಾ ಐತಾ ಇಲ್ವಾ ಅಂತ ಅಷ್ಟೇ ಹೇಳಿ. ಐತೆ ಅಂದ್ರೆ ಐತೆ, ಇಲ್ಲ ಅಂದ್ರೆ ಇಲ್ಲ. ಇರ್ಬೋದು ಅಂತ ಮಾತ್ರ ಅನ್ಬ್ಯಾಡಿ.”

ಆರೂವರೆ ಗಂಟೆ ಹಿಡಿಯಿತು. ಏರುವಾಗ ಹಿಮ ಕರಗಿದ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಇಳಿಯುವಾಗ ತಿರುವಿನ ಮೇಲೆ ತಿರುವು. ಅಲ್ಲಿ ಭೂತಮ್ಮ ಎರಡನೆಯ ಗೇರಿನಿಂದ ಮೇಲೆ ಹೋಗಲೇ ಇಲ್ಲ. ಹಿಂದಿನಿಂದ ಮಂಜುನಾಥ್ ನರಳಿದರೆ ಇನ್ನಷ್ಟು ನಿಧಾನ ಮಾಡಿದರು. ಓಶ್ ಆಸ್ಪತ್ರೆಯ ಬಾಗಿಲಲ್ಲಿ ಲಾರಿ ನಿಂತಾಗ ವೈದ್ಯರೊಬ್ಬರು ಹೊರಬಂದು ಡ್ರೈವರ್ ಎಲ್ಲಿ ಎಂದು ಕೇಳಿದರಂತೆ, ಲಾರಿ ಪಕ್ಕಕ್ಕೆ ಹಾಕಿಸಲು. ಭೂತಮ್ಮ ಇಳಿದರು, ಮತ್ತೆ ಹತ್ತಿದರು, ಪಕ್ಕಕ್ಕೆ ಹಾಕಿದರು.

ಮಂಜುನಾಥ್ ಅವರಿಗೆ ಶಸ್ತ್ರಚಿಕಿತ್ಸೆ ಬೇಕಿತ್ತು. ಊರಿಗೆ ಹೋಗಿ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಎಲ್ಲರೂ ಹೇಳಿದರು. ಲಾರಿಯನ್ನು ಏನು ಮಾಡುವುದು? ಮಂಜುನಾಥ್ ಹೇಳಿದ್ದು ಒಂದೇ ಮಾತು: ಇಲ್ಲೇ ಯಾರಿಗಾದರೂ ಒಪ್ಪಿಸಿ ಮೂವರೂ ವಿಮಾನ ಹತ್ತೋಣ. ಟ್ರಿಯೆಸ್ಟ್ ಇನ್ನೂ ಏಳೂವರೆ ಸಾವಿರ ಕಿಲೋಮೀಟರ್ ದೂರವಿತ್ತು. ಗಗನಾ ಆ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಟಿಕೆಟ್ ನೋಡುತ್ತಿದ್ದರು. ಭೂತಮ್ಮ ಪಕ್ಕದಲ್ಲಿ ಬಂದು ಕೂತರು.

ಆ ಮಾತುಕತೆಯನ್ನು ಗಗನಾ ನನಗೆ ಪದಶಃ ಹೇಳಿದರು. “ಅಮ್ಮಾರೇ, ನಾನು ಓಡಿಸ್ತೀನಿ,” ಎಂದರಂತೆ ಭೂತಮ್ಮ. “ಸಾಧ್ಯವಾ?” ಎಂದರು ಗಗನಾ. “ಗೊತ್ತಿಲ್ಲ. ನಾಳೆ ಖಾಲಿ ಲಾರಿ ಕೊಡಿ. ಬಂದಿರೋ ಘಾಟಿನ್ನ ಅರ್ಧದಗಂಟ ಹತ್ತಿ ಇಳಿತೀನಿ. ಆಗುತ್ತೆ ಅನ್ನಿಸಿದ್ರೆ ಹೇಳ್ತೀನಿ, ಆಗಲ್ಲ ಅನ್ನಿಸಿದ್ರೂ ಹೇಳ್ತೀನಿ.”

ಮರುದಿನ ಬೆಳಗ್ಗೆ ಹಾಗೇ ಮಾಡಿದರು. ಎಂಬತ್ತು ಕಿಲೋಮೀಟರ್ ಹೋಗಿ, ಎಂಬತ್ತು ಬಂದರು. ಹೋಗುವ ಮೊದಲು ಗಂಡನಿಗೆ ಫೋನ್ ಮಾಡಿದ್ದರು. ದ್ಯಾವಯ್ಯನವರಿಗೆ ಆ ಮಾತು ಚೆನ್ನಾಗಿ ನೆನಪಿದೆ. ಲೈನಿನ ಜಗಲಿಯಲ್ಲಿ ಕೂತು, ದನಿ ಬಂದ ಕಡೆ ಮುಖ ಮಾಡಿ ನನಗೆ ಹೇಳಿದರು: “ಎಲ್ಲಾ ಎಡಬಲ ಆಗೈತೆ ಕಣ್ರೀ ಅಂದ್ಳು. ನಾನಂದೆ, ಲೇ, ಸ್ಟೇರಿಂಗ್ ಯಾವ್ ದೇಶದಾಗೂ ದುಂಡಗೇ ಇರ್ತೈತೆ. ಬ್ರೇಕ್ ನಡುಮಧ್ಯದಾಗೇ ಇರ್ತೈತೆ. ಓಡಿಸು.”

ಸಂಜೆ ಲಾರಿ ನಿಲ್ಲಿಸಿ ಭೂತಮ್ಮ ಹೇಳಿದ್ದು ಒಂದೇ ಪದ: “ಆಗುತ್ತೆ.”

ಲಾರಿಯ ಕಾಗದಪತ್ರ ಮಂಜುನಾಥ್ ಹೆಸರಿನಲ್ಲಿತ್ತು. ಅವರು ಎಡಗೈಯಲ್ಲಿ ಸಹಿ ಹಾಕಿ ಒಪ್ಪಿಗೆ ಪತ್ರ ಬರೆದುಕೊಟ್ಟು ವಿಮಾನ ಹತ್ತಿದರು. ಜೂನ್ ಹದಿನೇಳಕ್ಕೆ ಇಬ್ಬರು ಹೆಂಗಸರು ಓಶ್ ಬಿಟ್ಟರು. ಒಬ್ಬರು ಮೂವತ್ತನಾಲ್ಕರ ತೋಟದ ಒಡತಿ, ಇನ್ನೊಬ್ಬರು ಅದೇ ತೋಟದ ಲೈನಿನ ನಾಲ್ಕನೆಯ ಮನೆಯವರು. “ಗಗನಮ್ಮಾರು ನಂಗೆ ಕಿಲೀನರ್ ಆಗ್ಬುಟ್ರು,” ಎಂದು ಭೂತಮ್ಮ ನಗುತ್ತಾರೆ. “ಮೊದ್ಲು ಚೂರು ನಾಚ್ಕೆ ಆಗ್ತಿತ್ತು ಹೇಳೋಕೆ. ಟೈರ್ ನೋಡಿ ಬನ್ನಿ ಅಂತ ಎಂಗೆ ಹೇಳೋದು? ವಾರ ಆದ್ಮೇಕೆ ಅವ್ರೇ ಇಳಿದು ಸುತ್ತಿಗೆ ತಗಂಡು ಆರೂ ಟೈರ್ ಬಡಿದು ನೋಡೋರು. ಗಾಳಿ ಕಮ್ಮಿ ಇದ್ರೆ ಸದ್ದಲ್ಲೇ ಗೊತ್ತಾಗೋದು ಅವ್ರಿಗೆ.”

ಗಗನಾ ಕೂಡ ಅದನ್ನು ಮುಚ್ಚಿಡುವುದಿಲ್ಲ. “ಹೋಗುವಾಗ ‘ಭೂತಮ್ಮ, ಬಾ’ ಅಂತಿದ್ದೆ. ಉಜ್ಬೇಕಿಸ್ತಾನದಲ್ಲಿ ಎಲ್ಲೋ ಅದು ‘ಭೂತಕ್ಕ, ಬನ್ನಿ’ ಆಗಿತ್ತು. ಯಾವತ್ತು ಅಂತ ನನಗೂ ಗೊತ್ತಿಲ್ಲ.”

ಕಜಕಸ್ತಾನದ ಬಯಲು ಎಂದರೆ ಕಣ್ಣು ಹಾಯುವವರೆಗೆ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಒಂಟೆ. ಜೂನ್ ಕೊನೆಯ ಬಿಸಿಲು ನಲವತ್ತು ಡಿಗ್ರಿ. ಅಲ್ಲಿ ಒಂದು ಮಧ್ಯಾಹ್ನ ಲಾರಿಯ ಹಿಂಭಾಗದಿಂದ ಬಂದೂಕು ಹೊಡೆದಂಥ ಸದ್ದು ಬಂತು. ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮುರಿದಿತ್ತು. ಅದು ಮುರಿದರೆ ಹಿಂದಿನ ಅಚ್ಚು ಜಾಗ ಬಿಟ್ಟು ಸರಿಯುತ್ತದೆ, ಲಾರಿ ಸೊಟ್ಟಗೆ ಹೋಗುತ್ತದೆ, ವೇಗದಲ್ಲಿದ್ದರೆ ಮಗುಚುತ್ತದೆ. ವರ್ಕ್‌ಶಾಪ್ ಇರುವ ಊರು ನೂರಾ ಹತ್ತು ಕಿಲೋಮೀಟರ್ ಮುಂದೆ. ಫೋನಿಗೆ ಸಿಗ್ನಲ್ ಇಲ್ಲ.

ಭೂತಮ್ಮ ಜಾಕ್ ಕೊಟ್ಟು ಲಾರಿ ಎತ್ತಿದರು. ಚಕ್ರಕ್ಕೆ ಕೊಡಲೆಂದು ಊರಿನಿಂದ ತಂದಿದ್ದ ಹೊನ್ನೆ ಮರದ ದಿಮ್ಮಿಯನ್ನು ಮಚ್ಚಿನಲ್ಲಿ ಕೆತ್ತಿ ಪಟ್ಟಿಯ ಜಾಗಕ್ಕೆ ತೂರಿಸಿದರು. ಅಚ್ಚು ಸರಿಯದಂತೆ ಸರಪಳಿ ಸುತ್ತಿ, ಕಬ್ಬಿಣದ ಸಲಾಕೆ ಹಾಕಿ ತಿರುಚಿ ಬಿಗಿ ಮಾಡಿದರು. ಬಿಸ್ಲೆ ಘಾಟಿ ರಸ್ತೆಯಲ್ಲಿ ಒಮ್ಮೆ ದ್ಯಾವಯ್ಯ ಹೀಗೆ ಮಾಡಿದ್ದನ್ನು ಅವರು ಟಾರ್ಚ್ ಹಿಡಿದು ನೋಡಿದ್ದರು. ನಾಲ್ಕು ಗಂಟೆ ಲಾರಿಯ ಕೆಳಗೆ ಕಾದ ಮಣ್ಣಿನ ಮೇಲೆ ಮಲಗಿದ್ದರಿಂದ ಬೆನ್ನೆಲ್ಲ ಬೊಬ್ಬೆ. ಆಮೇಲೆ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಹೊರಟರು. ಹತ್ತು ಕಿಲೋಮೀಟರಿಗೊಮ್ಮೆ ಇಳಿದು ಸರಪಳಿ ಮತ್ತೆ ಬಿಗಿಯುವುದು.

ದಾರಿಯಲ್ಲಿ ಒಬ್ಬ ಮುದುಕ ಲಾರಿ ಡ್ರೈವರ್ ನಿಲ್ಲಿಸಿದ. ಬಗ್ಗಿ ಆ ದಿಮ್ಮಿಯನ್ನೂ ಸರಪಳಿಯನ್ನೂ ಬಹಳ ಹೊತ್ತು ನೋಡಿದ. ತನ್ನ ಲಾರಿಯಿಂದ ಎರಡು ದೊಡ್ಡ ಕ್ಲಾಂಪ್ ತಂದು ದಿಮ್ಮಿಯ ಎರಡೂ ಕಡೆ ತಾನೇ ಬಿಗಿದ. ಭಾಷೆ ಇಬ್ಬರಿಗೂ ಇಲ್ಲ. ಭೂತಮ್ಮ ಒಂದು ಲೋಟ ಕಾಫಿ ಮಾಡಿಕೊಟ್ಟರು. ಕುಡಿದು, ಲೋಟ ವಾಪಸು ಕೊಟ್ಟು, ಅವನು ತನ್ನ ಟೋಪಿ ತೆಗೆದು ತಲೆ ಬಾಗಿಸಿದ. ಮೊದಲು ಗಗನಾಗೆ ಇರಬೇಕೆಂದು ಭೂತಮ್ಮ ಹಿಂದಕ್ಕೆ ಸರಿದರಂತೆ. ಅವನು ಸುತ್ತಿಬಂದು ಇವರ ಮುಂದೆಯೇ ನಿಂತು ಮತ್ತೊಮ್ಮೆ ಬಾಗಿಸಿದ. “ನಮ್ಮೂರಾಗೆ ಯಾರೂ ಹಂಗೆ ಮಾಡ್ನಿಲ್ಲ ನಂಗೆ,” ಎನ್ನುತ್ತಾರೆ ಭೂತಮ್ಮ. ತಿರುವು ಬಂತು. ಹಾರ್ನ್ ಹೊಡೆದು ತಿರುಗಿಸುತ್ತಾರೆ.

ಹೊಸ ಪಟ್ಟಿ ಮಾಡಿಸಲು ನಾಲ್ಕು ದಿನ ಹೋಯಿತು. ಮುಂದಿನ ಒಂದು ಗಡಿಯಲ್ಲಿ, ಅದರ ಹೆಸರು ಬರೆಯುವುದು ಬೇಡ ಎಂದರು ಗಗನಾ, ಅಧಿಕಾರಿಯೊಬ್ಬರು ಪರವಾನಗಿಯ ಫೋಟೋ ನೋಡಿ, ಸೀರೆಯ ಮೇಲೆ ಸ್ವೆಟರ್ ಹಾಕಿದ ಭೂತಮ್ಮನನ್ನು ನೋಡಿ, ನಿಜವಾದ ಡ್ರೈವರನ್ನು ಕರೆಯಿರಿ ಎಂದರು. ಗಗನಾ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ತಪಾಸಣೆಯ ಶೆಡ್ಡಿನ ಕಡೆ ಕೈ ತೋರಿಸಿದರು. ಎರಡು ದೊಡ್ಡ ಟ್ರೇಲರುಗಳ ನಡುವೆ ಒಂದು ಲಾರಿ ಹಿಡಿಯುವಷ್ಟೇ ಸಂದು, ಅದರ ಕೊನೆಗೆ ಶೆಡ್ಡು. ಹಿಂದಕ್ಕೆ ತೆಗೆದು ಒಳಗೆ ಹಾಕಬೇಕು.

“ನಲವತ್ ಗಜ ಇತ್ತು. ಎರಡೂ ಕಡೆ ಒಂದೊಂದ್ ಗೇಣು,” ಎನ್ನುತ್ತಾರೆ ಭೂತಮ್ಮ. ಗಗನಾರನ್ನು ಹಿಂದೆ ನಿಲ್ಲಲೂ ಬಿಡಲಿಲ್ಲ ಅಧಿಕಾರಿ. ಎರಡು ಕನ್ನಡಿ, ಎರಡು ಕಣ್ಣು. ಸಾಲಿನಲ್ಲಿ ನಿಂತಿದ್ದ ಐದಾರು ದೇಶದ ಡ್ರೈವರುಗಳು ಇಳಿದು ಬಂದು ನೋಡುತ್ತಾ ನಿಂತರು. ಭೂತಮ್ಮ ಒಮ್ಮೆಯೂ ಮುಂದಕ್ಕೆ ತೆಗೆಯದೆ, ಒಂದೇ ಸಲಕ್ಕೆ ಲಾರಿಯನ್ನು ಶೆಡ್ಡಿನೊಳಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಮೊದಲು ಯಾರೋ ಒಬ್ಬರು ಹಾರ್ನ್ ಹೊಡೆದರು. ಆಮೇಲೆ ಸಾಲಿನಲ್ಲಿದ್ದ ಲಾರಿಗಳೆಲ್ಲ ಹೊಡೆದವು. ಅಧಿಕಾರಿ ತಾವೇ ಬಂದು ಬಾಗಿಲು ತೆಗೆದು, ಪರವಾನಗಿಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಗಗನಾ ಅದರ ವಿಡಿಯೋ ತೆಗೆದಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದರಂತೆ.

ಜಾರ್ಜಿಯಾದ ಬೆಟ್ಟಗಳ ಇಳಿಜಾರಿನಲ್ಲಿ ಬ್ರೇಕ್ ಕಾದು ಹೊಗೆಯಾಡುತ್ತಿದ್ದ ಮೂರು ಲಾರಿಗಳನ್ನು ಇವರು ದಾಟಿ ಹೋದರು. ಭೂತಮ್ಮನ ಬ್ರೇಕ್ ತಣ್ಣಗಿತ್ತು. “ಶಿರಾಡಿ ಇಳಿದೋರಿಗೆ ಅದೇನ್ ಹೊಸದಲ್ಲ ಸಾ. ಹತ್ತೋ ಗೇರಲ್ಲೇ ಇಳೀಬೇಕು, ಅಷ್ಟೇ.” ಟರ್ಕಿಯ ಸಮುದ್ರದ ದಂಡೆಯಲ್ಲಿ ಎರಡು ದಿನ ಬಟ್ಟೆ ಒಗೆದು ಒಣಗಿಸಿಕೊಂಡರು. ಎಲ್ಲ ದೇಶಗಳಲ್ಲೂ ನಿಂತಲ್ಲಿ ಕಾಫಿ ಮಾಡಿಕೊಟ್ಟರು. ಒಟ್ಟು ಎಷ್ಟು ಲೋಟ ಎಂದರೆ ಗಗನಾ ಪುಸ್ತಕ ನೋಡಿ ಹೇಳುತ್ತಾರೆ: ಎರಡು ಸಾವಿರದ ನೂರ ನಲವತ್ತು.

ಜುಲೈ ಇಪ್ಪತ್ತನಾಲ್ಕರ ಬೆಳಗ್ಗೆ, ಕೂಟಕ್ಕೆ ಎರಡು ದಿನ ಮೊದಲೇ, ಹಾಸನದ ನಂಬರ್ ಪ್ಲೇಟಿನ ಲಾರಿ ಟ್ರಿಯೆಸ್ಟ್ ಬಂದರಿನ ಮುಂದೆ ನಿಂತಿತು. ಇಪ್ಪತ್ತಾರಕ್ಕೆ ಲಾರಿಯ ಬಾಗಿಲು ತೆಗೆದು ಕಾಫಿ ಕೊಟ್ಟರು. ಬಂದವರು ಸಾಲುಗಟ್ಟಿದರು. ಆರು ಸಣ್ಣ ಹುರಿಯುವವರು ಇನ್ನು ಮುಂದೆ ಬೆಳಗೋಡಿನಿಂದ ನೇರವಾಗಿ ತರಿಸಿಕೊಳ್ಳುತ್ತೇವೆಂದು ಬರೆದುಕೊಟ್ಟರು. ವೇದಿಕೆಯ ಮೇಲೆ ಮಾತಾಡಲು ಕರೆದಾಗ ಗಗನಾ ಭೂತಮ್ಮನ ಕೈ ಹಿಡಿದು ಜೊತೆಗೆ ಕರೆದೊಯ್ದರು. “ಇವರು ಡ್ರೈವರ್. ನಾನು ಇವರ ಕ್ಲೀನರ್,” ಎಂದು ಪರಿಚಯಿಸಿದರು.

ಆದರೆ ಭೂತಮ್ಮನಿಗೆ ಟ್ರಿಯೆಸ್ಟ್ ಎಂದರೆ ಆ ವೇದಿಕೆ ನೆನಪಾಗುವುದಿಲ್ಲ. ಮರುದಿನ ಹುರಿಯುವವರೊಬ್ಬರು ತಮ್ಮ ಗೋದಾಮು ತೋರಿಸಿದರು. ಸೂರು ಮುಟ್ಟುವಂತೆ ಪೇರಿಸಿದ ಮೂಟೆಗಳ ನಡುವೆ ನಡೆಯುತ್ತಿದ್ದ ಭೂತಮ್ಮ ಒಂದು ಕಡೆ ನಿಂತುಬಿಟ್ಟರು. ಮೂಟೆಯ ಮೇಲೆ ಹಾಸನದ ಕ್ಯೂರಿಂಗ್ ವರ್ಕ್ಸಿನ ಗುರುತಿತ್ತು.

“ಹದಿಮೂರ್ ವರ್ಷದಿಂದ ಆ ಗೇಟಿನ ಒಳ್ಗೆ ಮೂಟೆ ಇಳಿಸಿ ಬತ್ತಿದ್ದೆ. ಅದ್ರಾಚೆ ಎಲ್ಲೋಯ್ತವೆ ಅಂತ ಯಾವತ್ತೂ ಕೇಳಿರ್ನಿಲ್ಲ,” ಎನ್ನುತ್ತಾರೆ. “ಮುಟ್ಟಿ ನೋಡ್ದೆ. ನಾನೇ ತಂದಾಕಿದ್ ಮೂಟೆನೂ ಇರ್ಬೋದು. ನಾವು ಕುಯ್ದಿದ್ದು, ಒಣಗಿಸಿದ್ದು, ಹೊತ್ತಿದ್ದು ಇಷ್ಟ್ ದೂರ ಬಂದೈತೆ, ನಾನೂ ಬಂದಿವ್ನಿ. ಅವತ್ತು ಒಂಥರಾ ಎದೆ ತುಂಬ್ಬುಡ್ತು ಸಾ.”

ಗಗನಾ, ಭೂತಮ್ಮ ಇಬ್ಬರೂ ಊರಿಗೆ ವಿಮಾನದಲ್ಲಿ ಬಂದರು. ಲಾರಿ ಹಡಗಿನಲ್ಲಿ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂತು. ತರಲು ಹೋದದ್ದು ಭೂತಮ್ಮ. ಈ ಸಲ ಪಕ್ಕದ ಸೀಟಿನಲ್ಲಿ ದ್ಯಾವಯ್ಯ ಇದ್ದರು. ಶಿರಾಡಿಯ ಏರಿನಲ್ಲಿ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳುತ್ತಾ, ಗೇರು ಬದಲಿಸುವ ಪ್ರತಿ ಸಲವೂ ತಲೆಯಾಡಿಸುತ್ತಿದ್ದರಂತೆ. ಘಾಟಿ ಮುಗಿದು ದೋಣಿಗಾಲ್ ದಾಟಿದ ಮೇಲೆ ಹೇಳಿದರಂತೆ, “ನನಗಿಂತ ಚೆನ್ನಾಗಿ ಓಡಿಸ್ತೀಯ ಕಣೆ.” ಲಾರಿಯ ಪಾಠ ಶುರುವಾದ ಇಪ್ಪತ್ತು ವರ್ಷದಲ್ಲಿ ಅವರು ಹೊಗಳಿದ್ದು ಅದೇ ಮೊದಲ ಸಲ. ಲಾರಿ ಲೈ‌ನಿಗೆ ಬಂದಾಗ ತೋಟದ ಆಳುಗಳೆಲ್ಲ ಕೆಲಸ ಬಿಟ್ಟು ರಸ್ತೆಗೆ ಬಂದಿದ್ದರು. ಹದಿಮೂರು ವರ್ಷದ ಹಿಂದೆ ಹತ್ತುವುದಿಲ್ಲ ಎಂದಿದ್ದ ನಾಲ್ವರಲ್ಲಿ ಇಬ್ಬರು ಈಗಲೂ ತೋಟದಲ್ಲಿದ್ದಾರೆ. ಅವರೇ ಮೊದಲು ಹೂವಿನ ಹಾರ ಹಿಡಿದು ನಿಂತಿದ್ದರು.

ಪಿಕಪ್ ತೋಟ ಮುಟ್ಟುತ್ತದೆ. ಹೆಂಗಸರು ಬುಟ್ಟಿ, ಬುತ್ತಿ ಹಿಡಿದು ಇಳಿಯುತ್ತಾರೆ. ಕೊನೆಯಲ್ಲಿ ಇಳಿದ ಶೃತಿ ಎಂಬ ಹುಡುಗಿ ನೇರ ಕೊಯ್ಲಿಗೆ ಹೋಗದೆ ಟ್ರ್ಯಾಕ್ಟರ್ ನಿಂತ ಕಡೆ ಹೋಗುತ್ತಾಳೆ. ವಾರಕ್ಕೆ ಮೂರು ದಿನ ಕಣದಲ್ಲಿ ಅವಳಿಗೂ ಇನ್ನಿಬ್ಬರಿಗೂ ಭೂತಮ್ಮ ಪಾಠ ಹೇಳುತ್ತಾರೆ. ಮೊದಲ ತಿಂಗಳು ಮುಂದಕ್ಕೆ ಓಡಿಸುವುದೇ ಇಲ್ಲ, ಬರೀ ರಿವರ್ಸ್.

ಎರಡನೆಯ ಟ್ರಿಪ್ಪಿಗೆ ಹೊತ್ತಾಗುತ್ತಿದೆ. ಭೂತಮ್ಮ ಕನ್ನಡಿ ಒರೆಸಿ, ಕೆಳಗೆ ಬಗ್ಗಿ ಒಮ್ಮೆ ನೋಡಿ, ಹತ್ತಿ ಕೂರುತ್ತಾರೆ. ಹೋಗುವ ಮುನ್ನ ಕೊನೆಯ ಪ್ರಶ್ನೆ ಕೇಳುತ್ತೇನೆ. ಇಷ್ಟು ದೇಶ, ಇಷ್ಟು ಬೆಟ್ಟ, ಇಷ್ಟು ಗಡಿ ದಾಟಿದ್ದರಲ್ಲಿ ನಿಮಗೆ ದೊಡ್ಡದು ಅನ್ನಿಸುವುದು ಯಾವುದು?

ಅವರು ಸ್ಟೇರಿಂಗ್ ಮೇಲೆ ಕೈಯಿಟ್ಟು ಯೋಚಿಸುತ್ತಾರೆ. ಸುಮ್ಮನೆ ಹೇಳುವ ಮಾತಲ್ಲ ಎಂಬಂತೆ ಮನಸ್ಸಿನಲ್ಲೇ ಒಂದೊಂದು ದೇಶವನ್ನೂ ದಾಟಿ ನೋಡಿ ಬರುತ್ತಾರೆ.

“ಹದಿಮೂರ್ ದೇಶದಾಗೆ,” ಎನ್ನುತ್ತಾರೆ ಭೂತಮ್ಮ, “ಒಂದ್ ಕೋಳಿ ಮರಿಗೂ ತಗುಲ್ಸಿಲ್ಲ ಕಣ್ರೀ.”